ಮರುಕಳಿಸುವ ಮೂತ್ರಪಿಂಡದ ಕಲ್ಲು: ಕಾರಣಗಳ ಹುಡುಕಾಟದ ಇತಿಹಾಸ

ಕಲ್ಲು ತೆಗೆಯುವ ವಿದ್ಯೆ ಹಳೆಯದು. ತೆಗೆದ ಮೇಲೂ ಅದು ಮತ್ತೆ ಏಕೆ ಬೆಳೆಯುತ್ತದೆ ಎಂಬ ವಿಚಾರಣೆ ಈಚಿನದು. ಸುಶ್ರುತ ಸಂಹಿತೆ ಅಶ್ಮರಿಯಲ್ಲಿ, ಅಂದರೆ ಮೂತ್ರದ ಕಲ್ಲಿನಲ್ಲಿ, ನಾಲ್ಕು ಬಗೆ ಗುರುತಿಸಿ, ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನೂ ಹೇಳುತ್ತದೆ. 1776ರಲ್ಲಿ ರಸಾಯನಶಾಸ್ತ್ರಜ್ಞ ಷೀಲೆ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡರು. 1810ರಲ್ಲಿ ವೊಲ್ಲಾಸ್ಟನ್ ಇನ್ನೊಂದು ವಸ್ತುವನ್ನು ಕಂಡರು, ಅದೇ ಮುಂದೆ ಸಿಸ್ಟೀನ್ ಎನಿಸಿತು. ಸಿಸ್ಟೀನ್ ಮೂತ್ರಕ್ಕೆ ಸೋರುವುದು ಹುಟ್ಟಿನಿಂದಲೇ ಬರುವ ಚಯಾಪಚಯದ ದೋಷ ಎಂದು 1908ರಲ್ಲಿ ವೈದ್ಯ ಗ್ಯಾರಡ್ ಸಾರಿದರು. ಕಲ್ಲಿನ ಮೂಲವನ್ನು ಇಡೀ ದೇಹದಲ್ಲಿ ಹುಡುಕಬೇಕೆಂಬ ಅರಿವು ಇಲ್ಲಿಂದ ಗಟ್ಟಿಯಾಯಿತು.

ದಕ್ಷಿಣ ಭಾರತಕ್ಕೂ ಇದರಲ್ಲಿ ಪಾಲಿದೆ. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಇಲಿಗಳಿಗೆ ಸತ್ವಹೀನ ಆಹಾರ ಕೊಟ್ಟು ಮೂತ್ರಕೋಶದಲ್ಲಿ ಕಲ್ಲು ಬೆಳೆಯುವುದನ್ನು ತೋರಿಸಿದರು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಕಲ್ಲನ್ನು ತಡೆಯುವ ಮೂತ್ರದ ಪ್ರೋಟೀನಿನ ಕಥೆ ಬಂದದ್ದು ಬೇರೊಂದು ದಾರಿಯಿಂದ. ವೈರಸ್ ಅಧ್ಯಯನದಲ್ಲಿ ತೊಡಗಿದ್ದ ಟ್ಯಾಮ್ ಮತ್ತು ಹಾರ್ಸ್‌ಫಾಲ್ 1950ರ ಸುಮಾರಿಗೆ ಮೂತ್ರದಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಇಂದು ಅದನ್ನು ಯೂರೊಮಾಡ್ಯುಲಿನ್ ಎನ್ನುತ್ತಾರೆ. ಆರೋಗ್ಯವಂತರ ಮೂತ್ರದಲ್ಲಿ ಹೆಚ್ಚಾಗಿರುವ ಪ್ರೋಟೀನ್ ಇದೇ. ಇದು ಹರಳುಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಈ ಪ್ರೋಟೀನೇ ಇಲ್ಲದಂತೆ ಬೆಳೆಸಿದ ಇಲಿಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಹರಳು ಕಟ್ಟಿದ್ದು 2004ರಲ್ಲಿ ವರದಿಯಾಯಿತು. ಕಾಯಿಲೆಯ ಗುರುತಾಗಿ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಗಾಬರಿಪಡಬೇಕಿಲ್ಲ.

1980ರಲ್ಲಿ ಮ್ಯೂನಿಕ್‌ನಲ್ಲಿ ಆಘಾತ ತರಂಗದಿಂದ ಕಲ್ಲು ಒಡೆಯುವ ಚಿಕಿತ್ಸೆ ಶುರುವಾಯಿತು. ಕೊಯ್ಯುವ ನೋವು ತಪ್ಪಿತು, ಕಲ್ಲು ಮರಳುವುದು ತಪ್ಪಲಿಲ್ಲ.

ತುಂಗಭದ್ರಾ ಎಡದಂಡೆ ನಾಲೆಯ ಸಿದ್ದಾಪುರ, ಕಾರಟಗಿ ಸೀಮೆಯಲ್ಲಿ ಭತ್ತದ ಗದ್ದೆಗಿಳಿದವರು ಬಿಸಿಲಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಕಲ್ಲಿಗೆ ದಾರಿಯಾಗುತ್ತದೆ. ಗಡಸು ನೀರನ್ನು ದೂರುವುದು ರೂಢಿ. ಆದರೆ ಹೆಚ್ಚು ನೀರು ಕುಡಿದವರಲ್ಲಿ ಕಲ್ಲು ಮರಳುವುದು ಕಡಿಮೆ ಎಂದು 1996ರಲ್ಲಿ ಪ್ರಕಟವಾದ ಇಟಲಿಯ ಐದು ವರ್ಷಗಳ ಅಧ್ಯಯನ ತೋರಿಸಿತು: ಶೇ. 27ರ ಬದಲು ಶೇ. 12.

ಪದೇ ಪದೇ ಕಲ್ಲಾಗುವವರು 24 ಗಂಟೆಯ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಬೆಳಗಿನ ಮೊದಲ ಮೂತ್ರ ಬಿಟ್ಟು, ಆಮೇಲಿನದೆಲ್ಲವನ್ನೂ ಮರುದಿನದ ಮೊದಲ ಮೂತ್ರದವರೆಗೆ ಒಂದೇ ಡಬ್ಬಿಯಲ್ಲಿ ಹಿಡಿಯಬೇಕು. ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಹೆಚ್ಚಿದೆಯೇ, ಸಿಟ್ರೇಟ್ ಕಡಿಮೆಯೇ ಎಂಬುದು ಅದರಿಂದ ತಿಳಿಯುತ್ತದೆ. ಉದುರಿದ ಕಲ್ಲನ್ನೂ ಎಸೆಯದೆ ಲ್ಯಾಬಿಗೆ ಕೊಡಬೇಕು. ಕಲ್ಲಿನ ಭಯಕ್ಕೆ ಹಾಲು, ಮೊಸರು ಬಿಡುವುದು ತಪ್ಪು: ಊಟದ ಕ್ಯಾಲ್ಸಿಯಂ ರಾಜಗಿರಿ, ಪಾಲಕ್ ಸೊಪ್ಪಿನ ಆಕ್ಸಲೇಟನ್ನು ಕರುಳಲ್ಲೇ ಹಿಡಿದಿಡುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು.