ಹಿತ್ತಲಿನ ಚಳಿಗಾಲದ ಪತಂಗಗಳು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಗುರುತು, ಬಲೆ ಮತ್ತು ಹತ್ತಿ ಕಟ್ಟಿಗೆ

ಪತಂಗಗಳನ್ನು ನೋಡುವ ಕಾಲ ಮಳೆಗಾಲ ಎಂಬ ಅಭಿಪ್ರಾಯ ಬಲವಾಗಿ ಬೇರೂರಿದೆ. ಮಲೆನಾಡಿಗೆ ಅದು ಒಪ್ಪಬಹುದು, ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಗೆ ಒಪ್ಪದು. ಇಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾಗುತ್ತವೆ. ಹಾರಾಟ ನಿಲ್ಲಿಸಲು ಅಷ್ಟು ಚಳಿ ಸಾಲದು. ಮೇವಿಗೂ ಕೊರತೆಯಿಲ್ಲ: ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ, ಲಿಂಗಸುಗೂರಿನ ಕಪ್ಪು ನೆಲದಲ್ಲಿ ಕಡಲೆ, ತೊಗರಿ, ಬಿಳಿಜೋಳ, ಎಲ್ಲೆಡೆ ಕೊನೆಯ ಬಿಡಿಸುವಿಕೆಗೆ ಕಾದ ಹತ್ತಿ. ಇವೆಲ್ಲವುಗಳ ಪತಂಗಗಳು ರಾತ್ರಿ ಸೇರುವ ಜಾಗ ಮನೆಯ ಹಿತ್ತಲು. ಹಿತ್ತಲಿನ ಬಲೆಯನ್ನು ಹವ್ಯಾಸದ ಸಾಮಾನು ಎಂದು ಬದಿಗಿಡದೆ, ಮುಂದಿನ ವರ್ಷದ ಹತ್ತಿಯನ್ನು ಕಾಯುವ ಸಾಧನವೆಂದು ಕಾಣಬೇಕೆಂಬುದು ಈ ಲೇಖನದ ವಾದ.

ಮೊದಲು ಗುರುತಿನ ಮಾತು. ಸಿಂಧನೂರು ಕಡೆಯ ದೀಪಕ್ಕೆ ಬರುವ ಹಳದಿ ಕಾಂಡಕೊರಕದ ಹೆಣ್ಣಿಗೆ ಎರಡೂ ಮುಂರೆಕ್ಕೆಗಳಲ್ಲಿ ಒಂದೊಂದು ಕಪ್ಪು ಚುಕ್ಕೆ. ಗಂಡು ಮಂಕು ಕಂದು. ಕಡಲೆ, ತೊಗರಿ, ಟೊಮೆಟೊಗಳ ಹಸಿರು ಕಾಯಿಕೊರಕದ ಪತಂಗ ದಪ್ಪ ಮೈಯದು. ಮಾಸಲು ಮುಂರೆಕ್ಕೆಯ ಮೇಲೆ ಮೂತ್ರಪಿಂಡದ ಆಕಾರದ ಕಪ್ಪು ಗುರುತು, ಬಿಳಿಚಿದ ಹಿಂರೆಕ್ಕೆಗೆ ಕಪ್ಪು ಅಂಚು. ಬದನೆಯ ಕುಡಿ ಮತ್ತು ಕಾಯಿ ಕೊರಕದ್ದು ಬಿಳಿ ರೆಕ್ಕೆ, ಮೇಲೆ ನಸುಗೆಂಪು-ಕಂದು ಮಚ್ಚೆ. ಇವು ಕಣ್ಣಿಗೆ ಬೇಗ ಒಗ್ಗುತ್ತವೆ. ಕಷ್ಟ ಕೊಡುವುದು ಗುಲಾಬಿ ಕಾಯಿಕೊರಕ. ಸೆಂಟಿಮೀಟರಿಗೂ ಚಿಕ್ಕದಾದ, ಬೂದು-ಕಂದು ಬಣ್ಣದ, ಹಿಂರೆಕ್ಕೆಯ ಅಂಚಿನಲ್ಲಿ ಕುಚ್ಚಿನಂಥ ಕೂದಲಿರುವ ಇದನ್ನು ಧೂಳಿನ ಹುಳವೆಂದು ಒರೆಸಿಹಾಕುವವರೇ ಹೆಚ್ಚು.

ಇದಕ್ಕೆ ಹೆಚ್ಚು ಜಾಗ ಕೊಡಲು ಕಾರಣವಿದೆ. ಭಾರತದ ಮಾದರಿಯಿಂದಲೇ 1843ರಲ್ಲಿ ಕೀಟಶಾಸ್ತ್ರಜ್ಞ ಸಾಂಡರ್ಸ್ ವಿವರಿಸಿದ ಕೀಟವಿದು. 2002ರಲ್ಲಿ ಬಿಟಿ ಹತ್ತಿಗೆ, 2006ರಲ್ಲಿ ಎರಡು ಜೀನುಗಳ ಬೊಲ್ಗಾರ್ಡ್-2ಕ್ಕೆ ಅನುಮತಿ ಸಿಕ್ಕಿತು. ಈ ಹುಳ ಬಿಟಿಗೆ ಬೆಳೆಸಿಕೊಂಡ, ಗುಜರಾತಿನಲ್ಲಿ ಮೊದಲು ಕಾಣಿಸಿಕೊಂಡ ನಿರೋಧಕತೆ ಕೆಲವೇ ವರ್ಷಗಳಲ್ಲಿ ಮಧ್ಯ ಮತ್ತು ದಕ್ಷಿಣ ಭಾರತದ ಹತ್ತಿ ಸೀಮೆಗೆ ಹಬ್ಬಿತು. ಅಮೆರಿಕ ತನ್ನ ವಾಣಿಜ್ಯ ಹತ್ತಿಯಿಂದ ಇದೇ ಕೀಟ ತೊಲಗಿತೆಂದು 2018ರಲ್ಲಿ ಘೋಷಿಸಿತು. ಅಲ್ಲಿ ಬಿಟಿ ಹತ್ತಿಯೊಂದಿಗೆ ಬಂಜೆ ಪತಂಗಗಳ ಬಿಡುಗಡೆ, ಲಿಂಗಾಕರ್ಷಕ, ಹೊಲ ಸ್ವಚ್ಛತೆ ಎಲ್ಲವೂ ಕೂಡಿದ್ದವು. ನಮ್ಮಲ್ಲಿ ತಪ್ಪಿಹೋದದ್ದು ಆ ಕೊನೆಯದು.

ಈ ಹುಳದ ಚಳಿಗಾಲ ಹತ್ತಿ ಕಾಯಿಯೊಳಗೆ ಕಳೆಯುತ್ತದೆ. ಹಗಲು ಗಿಡ್ಡವಾಗುತ್ತ ಚಳಿ ಬಂದಂತೆ ಬಲಿತ ಮರಿಹುಳು, ಕೆಲವೊಮ್ಮೆ ಎರಡು ಬೀಜಗಳನ್ನು ಅಂಟಿಸಿಕೊಂಡು, ಸುಪ್ತಾವಸ್ಥೆಗೆ ಇಳಿಯುತ್ತದೆ. ಹಲವು ತಿಂಗಳು ಹಾಗೆಯೇ ಇರಬಲ್ಲದು. ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಕಟ್ಟಿಗೆ ಕಿತ್ತು ಒಲೆಗೆಂದು ಹಿತ್ತಲಿಗೆ ತಂದು ಬಣವೆ ಒಟ್ಟುವುದು ಈ ಭಾಗದ ರೂಢಿ. ಒಡೆಯದ ಒಣಕಾಯಿಗಳು ಅದರಲ್ಲೇ ಬರುತ್ತವೆ. ಪಕ್ಕದ ಮಡಿಯಲ್ಲಿ ಬೆಂಡೆ ಇದೆ, ಪುಂಡಿ ಇದೆ. ಎರಡೂ ಹತ್ತಿಯ ಕುಟುಂಬದವು, ಈ ಹುಳಕ್ಕೆ ಆಶ್ರಯ ಕೊಡಬಲ್ಲವು. ಹೂ-ಕಾಯಿ ಸಿಗದ ಕಾಲದಲ್ಲಿ ಹೊರಬಂದ ಪತಂಗ ಸಂತಾನವಿಲ್ಲದೆ ಸಾಯುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಜನವರಿಯಲ್ಲಿ ಬಲೆಗೆ ಬಿದ್ದದ್ದು ಬಣವೆಯ ದಾಸ್ತಾನಿನ ಒಂದು ಪಾಲು ಮಾತ್ರ. ಉಳಿದದ್ದು ಮುಂಗಾರು ಹತ್ತಿ ಮೊಗ್ಗು ಕಟ್ಟುವವರೆಗೂ ಕಾಯಬಲ್ಲದು.

ಬಲೆ ಎರಡು ಬಗೆ: ಬೆಳಕಿನ ಬಲೆ ಮತ್ತು ಲಿಂಗಾಕರ್ಷಕದ ಮೋಹಕ ಬಲೆ. ಬೆಳಕಿನ ಬಲೆಯ ಲೆಕ್ಕಕ್ಕೆ ಚಂದ್ರನ ಲೆಕ್ಕ ಸೇರಿಸಲೇಬೇಕು. ಬೆಳದಿಂಗಳಲ್ಲಿ ಬಲೆಗೆ ಬೀಳುವ ಕೀಟಗಳು ಕಡಿಮೆ ಎಂಬುದನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಕೀಟಶಾಸ್ತ್ರಜ್ಞ ಸಿ. ಬಿ. ವಿಲಿಯಮ್ಸ್ 1930ರ ದಶಕದಲ್ಲೇ ತೋರಿಸಿದ್ದರು. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ, ಎಳ್ಳ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಎಣಿಕೆಗೆ ಉತ್ತಮ, ಬನದ ಹುಣ್ಣಿಮೆಯವು ಕನಿಷ್ಠ. ಈ ಎರಡರ ಎಣಿಕೆಗಳನ್ನು ಹೋಲಿಸಿ ಹುಳ ಕಡಿಮೆಯಾಯಿತೆಂದು ಸಮಾಧಾನಪಡುವುದು ತಪ್ಪು. ಅತಿನೇರಳೆ ಕಿರಣ ಬಹಳ ಕಡಿಮೆಯಿರುವ ಎಲ್‌ಇಡಿ ಬಲ್ಬಿಗೆ ಬರುವ ಹುಳಗಳೂ ಕಡಿಮೆ. ಹಳೆಯ ಪಾದರಸ ದೀಪದ ಎಣಿಕೆಗೆ ಅದು ಸಾಟಿಯಲ್ಲ. ಹಲವು ಜಾತಿಯ ಪತಂಗಗಳು ಚಳಿ ರಾತ್ರಿಗಳಲ್ಲಿ ತಮ್ಮ ಹಾರಾಟವನ್ನು ಹೊತ್ತು ಮುಳುಗಿದ ಕೂಡಲೇ ಮುಗಿಸಿಕೊಳ್ಳುವುದರಿಂದ ರಾತ್ರಿ ಏಳರಿಂದ ಹತ್ತರವರೆಗೆ ಬಿಳಿ ಬಟ್ಟೆಯ ಮುಂದೆ ಕೂತರೆ ಸಾಕು. ದೀಪದ ಕೆಳಗೆ ಸೀಮೆಎಣ್ಣೆ ನೀರಿನ ತೊಟ್ಟಿ ಇಟ್ಟು ಬೆಳಗಿನವರೆಗೆ ಬಿಡುವ ಪದ್ಧತಿಯನ್ನು ಹಿತ್ತಲಿನಲ್ಲಿ ನಾನು ಒಪ್ಪುವುದಿಲ್ಲ. ಪರೋಪಜೀವಿ ಕಣಜ, ಹಸಿರು ಜಾಲರೆಕ್ಕೆ ಕೀಟಗಳಂಥ ನಮ್ಮ ಹಿತೈಷಿಗಳೂ ಅದರಲ್ಲೇ ಸಾಯುತ್ತವೆ.

ಗುಲಾಬಿ ಕಾಯಿಕೊರಕಕ್ಕೆ ಮೋಹಕ ಬಲೆಯೇ ಬೇಕು. ಅದರ ಲಿಂಗಾಕರ್ಷಕವಾದ ಗಾಸಿಪ್ಲೂರ್ ಗುಳಿಗೆಗೆ ಬರುವುದು ಗಂಡು ಮಾತ್ರ, ಹೀಗಾಗಿ ಒಂದೆರಡು ಬಲೆಯಿಂದ ಹಾವಳಿ ತಗ್ಗೀತೆಂಬ ಭ್ರಮೆ ಬೇಡ. ಗುಳಿಗೆಯನ್ನು ಮೂರು-ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು, ಬೇರೆ ಕೀಟದ ಗುಳಿಗೆ ಮುಟ್ಟಿದ ಕೈಯಿಂದ ಇದನ್ನು ಮುಟ್ಟಬಾರದು. ಬಲೆಗೆ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಔಷಧಿ ಹೊಡೆಯಬೇಕೆಂಬ ಪ್ರಚಲಿತ ಮಟ್ಟ ನಿಂತ ಬೆಳೆಗೆ ಹೇಳಿದ್ದು. ಬಣವೆಯ ಪಕ್ಕದ ಬಲೆಗೆ ಅದು ಅನ್ವಯಿಸದು. ಅಲ್ಲಿ ಒಂದೆರಡು ಬಿದ್ದರೂ ಕಟ್ಟಿಗೆಯಲ್ಲಿ ಹುಳವಿರಬಹುದೆಂಬ ಸೂಚನೆ.

ಉರುವಲಿಗೆ ಬೇರೆ ದಾರಿಯಿಲ್ಲದ ಮನೆಗೆ ಕಟ್ಟಿಗೆ ಒಟ್ಟಬೇಡಿ ಎನ್ನುವುದು ನ್ಯಾಯವಲ್ಲ. ಒಟ್ಟುವ ಮೊದಲು ಒಣಕಾಯಿಗಳನ್ನು ಹೊಲದಲ್ಲೇ ಬಡಿದು ಉದುರಿಸಿ ಸುಡಿ, ಕಟ್ಟಿಗೆಯನ್ನು ಮುಂಗಾರಿಗೆ ಮುಂಚೆ ಉರಿಸಿ ಮುಗಿಸಿ, ಬಣವೆಯ ಪಕ್ಕ ಒಂದು ಮೋಹಕ ಬಲೆ ತೂಗುಹಾಕಿ. ಧಡೇಸೂಗೂರಿನ ಕೃಷಿ ಸಂಶೋಧನಾ ಕೇಂದ್ರ ಮತ್ತು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಈ ಮೂರು ತಾಲ್ಲೂಕುಗಳ ಹಿತ್ತಲಿನ ಎಣಿಕೆಯನ್ನು, ತಿಥಿ ಮತ್ತು ರಾತ್ರಿಯ ತಾಪಮಾನದೊಂದಿಗೆ, ಒಂದೇ ದಾಖಲೆಯಲ್ಲಿ ಸೇರಿಸಿ ಬಿತ್ತನೆಗೆ ಮುಂಚೆ ರೈತರ ಕೈಗೆ ಕೊಡಬೇಕು.