ನಿನೆವೆಯ ತೌಬಾ

ಪ್ರವಾದಿ ಯೂನುಸ್(ಅ) ಎಂದೊಡನೆ ನಮಗೆಲ್ಲ ಮೀನು ನೆನಪಾಗುತ್ತದೆ. ಮಕ್ಕಳಿಗೂ ಆ ಕಥೆ ಗೊತ್ತು. ಆದರೆ ಅವರನ್ನು ಯಾವ ಊರಿಗೆ ಕಳುಹಿಸಲಾಗಿತ್ತು, ಆ ಊರಿನವರು ಏನು ಮಾಡಿದರು ಎಂಬ ಭಾಗದ ಮೇಲೆ ನಮ್ಮ ಗಮನ ಹರಿಯುವುದು ಕಡಿಮೆ. ಪಶ್ಚಾತ್ತಾಪ ಮತ್ತು ದೇವ ಕರುಣೆಯ ದೊಡ್ಡ ಪಾಠವಿರುವುದು ಅಲ್ಲಿಯೇ.

ಇರಾಕಿನ ಮೋಸುಲ್‌ನಲ್ಲಿ, ಟೈಗ್ರಿಸ್ ನದಿಯ ಪೂರ್ವ ದಂಡೆಯ ಮೇಲೆ ಎರಡು ದೊಡ್ಡ ದಿಬ್ಬಗಳಿವೆ. ಒಂದು ಕುಯುಂಜಿಕ್, ಇನ್ನೊಂದು ನಬಿ ಯೂನುಸ್. ಇವುಗಳ ಅಡಿಯಲ್ಲಿರುವುದೇ ಪ್ರಾಚೀನ ನಿನೆವೆ. ಕ್ರಿ.ಪೂ. 705ರಿಂದ 681ರ ವರೆಗೆ ಆಳಿದ ಸನ್ಹೇರೀಬನು ಅದನ್ನು ಅಸ್ಸೀರಿಯಾ ಸಾಮ್ರಾಜ್ಯದ ರಾಜಧಾನಿಯನ್ನಾಗಿ ಮಾಡಿದ. ಅದರ ಕೋಟೆಗೋಡೆಯ ಸುತ್ತಳತೆ ಸುಮಾರು 12 ಕಿಲೋಮೀಟರ್. 1840ರ ದಶಕದಲ್ಲಿ ಆಸ್ಟಿನ್ ಹೆನ್ರಿ ಲೇಯಾರ್ಡ್ ಇಲ್ಲಿ ಉತ್ಖನನ ನಡೆಸಿದಾಗ ಸನ್ಹೇರೀಬನ ಅರಮನೆಯ ಕಲ್ಲುಚಿತ್ರಗಳು ದೊರೆತವು. ಕ್ರಿ.ಪೂ. 701ರಲ್ಲಿ ಯೆಹೂದ ರಾಜ್ಯದ ಲಾಕೀಷ್ ನಗರವನ್ನು ಗೆದ್ದ ಕಥೆಯನ್ನು ಅವು ಹೇಳುತ್ತವೆ. ಸೋತವರನ್ನು ಶೂಲಕ್ಕೇರಿಸುವುದು, ಚರ್ಮ ಸುಲಿಯುವುದು, ಗಂಟುಮೂಟೆ ಹೊತ್ತ ಕುಟುಂಬಗಳು ಗಡೀಪಾರಾಗಿ ಹೊರಟಿರುವುದು, ಎಲ್ಲವನ್ನೂ ಅದರಲ್ಲಿ ಕೆತ್ತಲಾಗಿದೆ. ತಮ್ಮ ಕ್ರೌರ್ಯವನ್ನು ಅರಮನೆಯ ಗೋಡೆಗೆ ಅಲಂಕಾರವಾಗಿ ಬಳಸಿದ ದೊರೆಗಳವರು. ಈ ಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಅದಕ್ಕೂ ಮೊದಲು, ಕ್ರಿ.ಪೂ. 8ನೆಯ ಶತಮಾನದ ಮೊದಲರ್ಧದಲ್ಲಿ, ಇಸ್ರಾಯೇಲಿನ ದೊರೆ ಎರಡನೆಯ ಯಾರೊಬ್ಬಾಮನ ಕಾಲದಲ್ಲಿ ಯೋನ ಎಂಬ ಪ್ರವಾದಿ ಇದ್ದರೆಂದು ಹೀಬ್ರೂ ಬೈಬಲ್ ತಿಳಿಸುತ್ತದೆ. ಅವರೇ ಯೂನುಸ್(ಅ). ಬೈಬಲಿನಲ್ಲಿ ಅವರ ಹೆಸರಿನ ಪುಸ್ತಕವಿದ್ದು, ಅದರಲ್ಲಿರುವುದು ಕೇವಲ ನಾಲ್ಕು ಅಧ್ಯಾಯ, 48 ವಚನಗಳು. ಈ ಪುಸ್ತಕ ಶತಮಾನಗಳ ಬಳಿಕ ರಚಿತವಾಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅಸ್ಸೀರಿಯಾದ ಶಾಸನಗಳಲ್ಲಿ ಈ ಘಟನೆಯ ಉಲ್ಲೇಖ ಸಿಕ್ಕಿಲ್ಲ. ಆದರೆ ಆ ಪುಸ್ತಕವನ್ನು ಓದಿಕೊಂಡು ಬಂದ ಯಹೂದಿಯರಿಗೆ ನಿನೆವೆಯೆಂದರೆ ಏನೆಂಬುದು ಚೆನ್ನಾಗಿ ಗೊತ್ತಿತ್ತು. ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲ್ ರಾಜ್ಯವನ್ನೇ ಅಳಿಸಿ ಹಾಕಿದವರು ಅಸ್ಸೀರಿಯನ್ನರು.

ಇಂತಹ ಊರಿಗೆ ಹೋಗಿ ಎಚ್ಚರಿಸಬೇಕೆಂಬ ಆಜ್ಞೆ ಬಂದಾಗ ಯೋನರು ಯೊಪ್ಪ ಬಂದರಿನಲ್ಲಿ ವಿರುದ್ಧ ದಿಕ್ಕಿನ ಹಡಗು ಹತ್ತಿದರು ಎನ್ನುತ್ತದೆ ಬೈಬಲ್. ಯಾಕೆ? ಪುಸ್ತಕದ ಕೊನೆಯಲ್ಲಿ ಅವರೇ ಕಾರಣ ಹೇಳುತ್ತಾರೆ: ದೇವನು ಕರುಣಾಳುವೆಂದು ಅವರಿಗೆ ಮೊದಲೇ ಗೊತ್ತಿತ್ತು. ನಿನೆವೆಯವರು ತಿದ್ದಿಕೊಂಡರೆ ಅವನು ಕ್ಷಮಿಸಿಬಿಡುತ್ತಾನೆ. ಅದು ಅವರಿಗೆ ಬೇಕಿರಲಿಲ್ಲ.

ಕುರ್‌ಆನಿನ ನಿರೂಪಣೆ ಬೇರೆ ರೀತಿಯದು. ಯೂನುಸರು ಕೋಪದಿಂದ ಹೊರಟುಹೋದರೆಂದು ಅದು ಹೇಳುತ್ತದೆ. ತಮ್ಮ ಜನರು ಮಾತು ಕೇಳದಿದ್ದಾಗ ದೇವಾಜ್ಞೆಗೆ ಕಾಯದೆ ಊರು ಬಿಟ್ಟರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಎರಡೂ ಕಡೆ ಒಂದು ವಿಷಯ ಸಮಾನ. ಊರಿಗಿಂತ ಮೊದಲು ಪ್ರವಾದಿಯೇ ದೇವನೆಡೆಗೆ ಮರಳಬೇಕಾಯಿತು. ಕತ್ತಲೆಗಳ ನಡುವಿನಿಂದ ಅವರು ತನ್ನದೇ ತಪ್ಪೆಂದು ಒಪ್ಪಿ ಮಾಡಿದ ಪ್ರಾರ್ಥನೆ ಅಂಬಿಯಾ ಅಧ್ಯಾಯದಲ್ಲಿದೆ. ಸಂಕಷ್ಟದಲ್ಲಿ ಮುಸ್ಲಿಮರು ಇಂದಿಗೂ ಅದನ್ನೇ ಪಠಿಸುತ್ತಾರೆ.

ನಿನೆವೆಯಲ್ಲಿ ನಡೆದದ್ದೇನು? ನಲವತ್ತು ದಿನಗಳಲ್ಲಿ ನಾಶ ಎಂಬ ಎಚ್ಚರಿಕೆ ಕೇಳಿ ದೊರೆ ಸಿಂಹಾಸನದಿಂದಿಳಿದು ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕುಳಿತ. ಜನ, ಜಾನುವಾರುಗಳೆಲ್ಲ ಉಪವಾಸವಿರಬೇಕೆಂದು ಸಾರಿದ. ಪ್ರತಿಯೊಬ್ಬನೂ ತನ್ನ ಕೈಯಲ್ಲಿರುವ ಹಿಂಸೆಯನ್ನು ಬಿಡಬೇಕೆಂದೂ ಆಜ್ಞಾಪಿಸಿದ. ಯಹೂದಿ ಧರ್ಮಗುರುಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾದ ಪ್ರಕಾರ ದೇವನು ಕಂಡದ್ದು ಅವರ ಗೋಣಿತಟ್ಟನ್ನಲ್ಲ, ಉಪವಾಸವನ್ನೂ ಅಲ್ಲ, ಬದಲಾದ ನಡತೆಯನ್ನು. ಕದ್ದ ತೊಲೆಯೊಂದನ್ನು ಅರಮನೆಗೆ ಬಳಸಿದ್ದರೆ ಇಡೀ ಕಟ್ಟಡವನ್ನು ಕೆಡವಿ ಆ ತೊಲೆಯನ್ನು ಮರಳಿಸಿದರು ಎಂದು ತಾಲ್ಮೂದ್ ವಿವರಿಸುತ್ತದೆ. ಆಶ್ಚರ್ಯವೆಂದರೆ, ಇದನ್ನೇ ಹೋಲುವ ಮಾತು ಇಬ್ನು ಮಸ್‌ಊದ್(ರ)ರ ಹೆಸರಿನಲ್ಲಿ ಕುರ್‌ಆನ್ ವ್ಯಾಖ್ಯಾನಗಳಲ್ಲೂ ಬಂದಿದೆ: ಅನ್ಯಾಯವಾಗಿ ಪಡೆದ ಕಲ್ಲಿನ ಮೇಲೆ ಮನೆ ಕಟ್ಟಿದ್ದವನು ಅಡಿಪಾಯದಿಂದ ಆ ಕಲ್ಲನ್ನು ಕಿತ್ತು ಒಡೆಯನಿಗೆ ಕೊಟ್ಟ.

13ನೆಯ ಶತಮಾನದ ಇಮಾಮ್ ನವವಿ ತೌಬಾದ ಷರತ್ತುಗಳನ್ನು ಹೇಳುವಾಗಲೂ ಇದೇ ವಿಷಯ ಬರುತ್ತದೆ. ಪಾಪವನ್ನು ನಿಲ್ಲಿಸಬೇಕು, ಅದಕ್ಕಾಗಿ ನೋಯಬೇಕು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು. ಇನ್ನೊಬ್ಬ ಮನುಷ್ಯನ ಹಕ್ಕು ಅದರಲ್ಲಿ ಸೇರಿದ್ದರೆ ಅದನ್ನು ಹಿಂದಿರುಗಿಸಬೇಕು. ಸೋದರಿಯ ಆಸ್ತಿಯ ಪಾಲನ್ನು ನುಂಗಿ ಹಜ್‌ಗೆ ಹೊರಡುವವರು, ಕೂಲಿಯವನ ಸಂಬಳ ಬಾಕಿಯಿಟ್ಟು ದಾನಧರ್ಮ ಮಾಡುವವರು ನಮ್ಮ ನಡುವೆ ಇಲ್ಲವೇ? ನಿನೆವೆಯ ಆ ಕಲ್ಲು ನಮ್ಮನ್ನು ಪ್ರಶ್ನಿಸುತ್ತದೆ.

ಶಿಕ್ಷೆಯ ಅಂಚಿಗೆ ಬಂದು ವಿಶ್ವಾಸದಿಂದ ಪ್ರಯೋಜನ ಪಡೆದ ನಾಡು ಯೂನುಸರ ಜನರದ್ದೊಂದೇ ಎಂದು ಕುರ್‌ಆನ್ ಹೇಳುತ್ತದೆ. ಆದ್, ಸಮೂದ್ ಜನಾಂಗಗಳಿಗೆ ಸಿಗದ ಭಾಗ್ಯವದು. ಆ ಜನರ ಸಂಖ್ಯೆ ಒಂದು ಲಕ್ಷ ಅಥವಾ ಹೆಚ್ಚೆಂದು ಸಾಫ್ಫಾತ್ ಅಧ್ಯಾಯದಲ್ಲಿದೆ.

ನಗರ ಉಳಿಯಿತು, ಆದರೆ ಯೋನರು ಸಿಟ್ಟಾದರು ಎನ್ನುತ್ತದೆ ಬೈಬಲ್. ಅವರಿಗೆ ನೆರಳಾಗಿದ್ದ ಗಿಡವೊಂದು ರಾತ್ರಿ ಬೆಳಗಾಗುವುದರೊಳಗೆ ಒಣಗಿತು. ಅವರು ಮರುಗಿದರು. ನೀರೆರೆಯದೆ ಬೆಳೆದ ಗಿಡಕ್ಕೆ ನೀನು ಮರುಗುವೆಯಾದರೆ ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನರಿಗೆ, ಅಷ್ಟೊಂದು ಜಾನುವಾರುಗಳಿಗೆ ನಾನು ಮರುಗಬಾರದೇ ಎಂದು ದೇವನು ಕೇಳುವುದರೊಂದಿಗೆ ಪುಸ್ತಕ ಮುಗಿಯುತ್ತದೆ. ಪ್ರವಾದಿಯ ಉತ್ತರವಿಲ್ಲ. ಯಹೂದಿಯರು ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಈ ಪುಸ್ತಕವನ್ನು ಪೂರ್ತಿ ಓದುತ್ತಾರೆ. ಸಿರಿಯಕ್ ಪರಂಪರೆಯ ಕ್ರೈಸ್ತರು ಮೂರು ದಿನ ನಿನೆವೆಯ ಉಪವಾಸ ಆಚರಿಸುತ್ತಾರೆ. ನಮ್ಮ ನೆರೆಯ ಕೇರಳದ ಕುರವಿಲಂಗಾಡಿನ ಚರ್ಚಿನಲ್ಲಿ ಆಗ ಹಡಗಿನ ಮಾದರಿಯ ಮೆರವಣಿಗೆ ನಡೆಯುತ್ತದೆ.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲೂ ನಿನೆವೆ ಬಂದಿದೆ. ಕ್ರಿ.ಶ. 619ರ ಸುಮಾರಿಗೆ ತಾಯಿಫ್‌ನ ಜನರು ಕಲ್ಲೆಸೆದು ಅಟ್ಟಿದಾಗ ಅವರು ತೋಟವೊಂದರಲ್ಲಿ ಆಶ್ರಯ ಪಡೆದರು. ದ್ರಾಕ್ಷಿ ತಂದುಕೊಟ್ಟ ಅದ್ದಾಸ್ ಎಂಬ ಕ್ರೈಸ್ತ ಗುಲಾಮ ನಿನೆವೆಯವನು. ಪ್ರವಾದಿಯವರು ಯೂನುಸರನ್ನು ತನ್ನ ಸಹೋದರನೆಂದು ಅವನಿಗೆ ಪರಿಚಯಿಸಿದರೆಂದು ಇಬ್ನು ಹಿಶಾಮ್ ದಾಖಲಿಸಿದ್ದಾರೆ. ಪೀಡಿಸಿದವರನ್ನು ಬೆಟ್ಟಗಳ ನಡುವೆ ಅರೆದುಬಿಡುವ ಅವಕಾಶ ನೀಡಲಾದಾಗ ಅವರು ಒಪ್ಪಲಿಲ್ಲ. ಆ ಜನರ ಸಂತತಿಯ ಬಗ್ಗೆ ಭರವಸೆಯಿಟ್ಟರು ಎಂದು ಹದೀಸಿನಲ್ಲಿದೆ. ಹಿಜರಿ 9ರಲ್ಲಿ ತಾಯಿಫ್ ಇಸ್ಲಾಮ್ ಸ್ವೀಕರಿಸಿತು.

ಕ್ರಿ.ಪೂ. 612ರಲ್ಲಿ ಬಾಬಿಲೋನಿನವರೂ ಮೇದ್ಯರೂ ಸೇರಿ ನಿನೆವೆಯನ್ನು ನೆಲಸಮ ಮಾಡಿದರು. ಒಮ್ಮೆ ಸಿಕ್ಕ ಕ್ಷಮೆ ಮುಂದಿನ ಪೀಳಿಗೆಯ ಅನ್ಯಾಯಕ್ಕೆ ಪರವಾನಿಗೆಯಲ್ಲ. 2014ರ ಜುಲೈಯಲ್ಲಿ ಐಸಿಸ್ ಉಗ್ರರು ನಬಿ ಯೂನುಸ್ ದಿಬ್ಬದ ಮೇಲಿನ ಮಸೀದಿಯನ್ನು ಸ್ಫೋಟಿಸಿದರು. ಮೂರು ಧರ್ಮದವರೂ ಗೌರವಿಸುವ ಪ್ರವಾದಿಯ ಸ್ಮಾರಕವನ್ನು ಧರ್ಮದ ಹೆಸರಿನಲ್ಲೇ ಕೆಡವಲಾಯಿತು. 2017ರಲ್ಲಿ ಆ ಪ್ರದೇಶ ಮುಕ್ತವಾದಾಗ ಅವರು ಕೊರೆದಿದ್ದ ಸುರಂಗಗಳಲ್ಲಿ ಸನ್ಹೇರೀಬನ ಮಗ ಎಸರ್‌ಹದ್ದೋನನ ಅರಮನೆಯ ಅವಶೇಷಗಳು ಕಾಣಿಸಿದವು.

ನಮ್ಮ ತಪ್ಪಿಗೆ ಕರುಣೆ, ಎದುರಾಳಿಯ ತಪ್ಪಿಗೆ ನ್ಯಾಯ, ಇದು ಮನುಷ್ಯನ ಸಹಜ ಬೇಡಿಕೆ. ನಮಗೆ ಕೇಡು ಬಗೆದ ಊರು, ಪಕ್ಷ, ಸಮುದಾಯದವರು ತಿದ್ದಿಕೊಂಡು ಬಂದರೆ ನಾವು ಸಂತೋಷಪಡುವೆವೇ? ಅಥವಾ ಊರ ಹೊರಗೆ ಕುಳಿತು ಅವರ ನಾಶಕ್ಕಾಗಿ ಕಾಯುವೆವೇ? ಪ್ರತಿದಿನ ಪರಮ ದಯಾಮಯನ ನಾಮದಿಂದ ಕೆಲಸ ಆರಂಭಿಸುವ ನಾವು ಇದಕ್ಕೆ ಉತ್ತರಿಸಲೇಬೇಕು.