ತುಕ್ಕು ರೋಗವೂ ಬಾಳೆಹೊನ್ನೂರಿನ ಕಾಫಿ ತಳಿಗಳೂ



ಮಡಿ ಮಾಡುವ ಕಾಲ ಬಂತೆಂದರೆ ನಮ್ಮ ಮೇಗುಂದದ ಕಡೆಯ ರೈತರು ಕೇಳುವ ಪ್ರಶ್ನೆ ಒಂದೇ. "ಯಾವ ಬೀಜ ಹಾಕೋದು ಸ್ವಾಮಿ, 795ಓ, ಚಂದ್ರಗಿರಿಯೋ?" ಭತ್ತವಾದರೆ ಈ ವರ್ಷದ ಬೀಜ ಸರಿಬರಲಿಲ್ಲ ಅಂತ ಬರುವ ವರ್ಷ ಬದಲಾಯಿಸಬಹುದು. ಕಾಫಿ ಹಾಗಲ್ಲ. ಇವತ್ತು ನೆಟ್ಟ ಗಿಡ ಮೂವತ್ತು ವರ್ಷ ತೋಟದಲ್ಲಿ ಇರುತ್ತದೆ, ಮಗನ ಕಾಲಕ್ಕೂ ಅದೇ ಗಿಡ. ಆದ್ದರಿಂದ ಈ ತಳಿಗಳು ಎಲ್ಲಿಂದ ಬಂದವು, ಯಾವುದು ಯಾಕೆ ಸೋತಿತು ಎಂಬುದನ್ನು ಬೀಜ ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಬಾಬಾ ಬುಡನ್ ಅವರು ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಕಥೆ ನಿಮಗೆಲ್ಲ ಗೊತ್ತೇ ಇದೆ. ಆ ಹಳೆಯ ಕಾಫಿಗೆ ಚಿಕ್ಕಮಗಳೂರಿನ ಹೆಸರಿನಿಂದ 'ಚಿಕ್' ಎಂದೇ ಕರೆಯುತ್ತಿದ್ದರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಅದನ್ನು ಹಾಳುಮಾಡಿತು. ಜನ ಕೊಡಗಿನ ಬೀಜ ತಂದು ಹಾಕಿಕೊಂಡರು. ಅಷ್ಟರಲ್ಲೇ ಎಲೆ ತುಕ್ಕು ರೋಗ ಕಾಲಿಟ್ಟಿತು. 1869ರಲ್ಲಿ ಸಿಂಹಳದಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಅದು ಮೊದಲು ಬೆಳಕಿಗೆ ಬಂತು. ಹೆಚ್ಚು ತಡವಿಲ್ಲದೆ ನಮ್ಮ ದೇಶದ ತೋಟಗಳಲ್ಲೂ ಕಾಣಿಸಿಕೊಂಡಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಸಿಂಹಳದವರು ಕಾಫಿ ಕಿತ್ತು ಚಹಾ ಹಾಕಿದರು. ಇಂದು ಆ ದೇಶದ ಹೆಸರು ಹೇಳಿದರೆ ಚಹಾ ನೆನಪಾಗುವುದು ಈ ರೋಗದ ದೆಸೆಯಿಂದಲೇ.

ತುಕ್ಕು ಒಂದು ಬೂಷ್ಟು ಜಾತಿಯ ರೋಗ. ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ. ಎಲೆಯ ಮೇಲೆ ನೀರು ನಿಂತಿದ್ದರೆ ಆ ಹುಡಿ ಮೊಳೆತು, ಎಲೆಯಡಿಯ ಉಸಿರುಗಂಡಿಯಲ್ಲಿ ಒಳಹೊಗುತ್ತದೆ. ನಮ್ಮ ಮಲೆನಾಡಿನ ಮಳೆ ಅದಕ್ಕೆ ಹೇಳಿ ಮಾಡಿಸಿದ್ದು. ಎಲೆ ಉದುರಿದ ಗಿಡದಲ್ಲಿ ಕಾಯಿ ಬಲಿಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದುಂಟು. ಅರೇಬಿಕಾ ಈ ವರ್ಷ ಬೆಳೆದ ರೆಕ್ಕೆಯ ಮೇಲೆ ಬರುವ ವರ್ಷ ಹೂ ಬಿಡುತ್ತದೆ. ಎಲೆಯೇ ಇಲ್ಲದ ಗಿಡ ರೆಕ್ಕೆ ಬೆಳೆಸುವುದು ಎಲ್ಲಿಂದ? ಹೀಗೆ ಒಂದು ಮಳೆಗಾಲದ ರೋಗ ಎರಡು ವರ್ಷದ ಫಸಲನ್ನು ತಿನ್ನುತ್ತದೆ.

1911ರಲ್ಲಿ ಮೈಸೂರು ಸೀಮೆಯ ತೋಟದ ದೊರೆ ಕೆಂಟ್ ಎಂಬುವರು ತುಕ್ಕು ಹತ್ತದ ಗಿಡವೊಂದನ್ನು ಗುರುತಿಸಿ ಅದರ ಬೀಜ ಬೆಳೆಸಿದರು. 'ಕೆಂಟ್ಸ್' ಎಂಬ ಆ ತಳಿ ಎಲ್ಲ ಕಡೆ ಹರಡಿತು. ರೋಗದ ಕಾಟ ಮುಗಿಯಿತು ಅಂತ ಜನ ನಂಬಿದರು. ಕೆಲವೇ ವರ್ಷಗಳಲ್ಲಿ ಕೆಂಟ್ಸಿನ ಎಲೆಯಡಿಯಲ್ಲೂ ಅದೇ ಕಿತ್ತಳೆ ಹುಡಿ!

ಇತ್ತ 1915ರಲ್ಲಿ ಎಲೆರೋಗದ ಪರಿಶೀಲನೆಗೆಂದು ಮೈಸೂರು ಸರ್ಕಾರ ನಮ್ಮ ಕೊಪ್ಪದಲ್ಲೇ ಒಂದು ತಾತ್ಕಾಲಿಕ ಘಟಕ ತೆರೆದಿತ್ತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಯಂ ಆಗಿ ಕಾಫಿ ಪ್ರಯೋಗ ಕೇಂದ್ರ ಏರ್ಪಟ್ಟಿತು. ಇದರ ಹಿಂದೆ ಇದ್ದವರು ಡಾ. ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮವರಿಗೆ ಕಲಿಸಿಕೊಟ್ಟ ಕೆನಡಾ ದೇಶದವರು ಇವರೇ. 1944ರಲ್ಲಿ ಈ ಕೇಂದ್ರ ಕಾಫಿ ಬೋರ್ಡಿನ ಕೈಗೆ ಬಂತು. ಈಗ ಅದನ್ನು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಎನ್ನುತ್ತೇವೆ.

ಕೆಂಟ್ಸ್ ಯಾಕೆ ಸೋತಿತು ಎಂಬುದರ ಗುಟ್ಟು ಬಿಡಿಸಿದ್ದೂ ಬಾಳೆಹೊನ್ನೂರಿನಲ್ಲೇ. ಅಲ್ಲಿದ್ದ ವಿಲ್ಸನ್ ಮೇನ್ ಎಂಬ ವಿಜ್ಞಾನಿ 1930ರ ದಶಕದ ಮೊದಲಲ್ಲಿ, ತುಕ್ಕು ರೋಗ ನೋಡಲು ಒಂದೇ ಆದರೂ ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ ಎಂದು ತೋರಿಸಿಕೊಟ್ಟರು. ಒಂದು ಪಂಗಡಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ. ಕೆಂಟ್ಸ್ ತಡೆದದ್ದು ಒಂದನ್ನು, ಬಂದು ಬಿದ್ದದ್ದು ಮತ್ತೊಂದು. ಕಾಫಿ ತುಕ್ಕಿನ ಬಗ್ಗೆ ಲೋಕಕ್ಕೆ ಈ ಮಾತು ಮೊದಲು ತಿಳಿದದ್ದು ನಮ್ಮ ಭದ್ರಾ ನದಿಯ ದಡದಿಂದ. ಇಂದು ಜಗತ್ತಿನಲ್ಲಿ ಇಂಥ ಐವತ್ತಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಿದ್ದಾರೆ.

ಇನ್ನು ಹೊಸ ತಳಿ ಕಟ್ಟುವ ಕೆಲಸ ನೋಡಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಅರೇಬಿಕಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಜಾತಿ. ಆದ್ದರಿಂದ ಅರಳುವ ಮುಂಚೆಯೇ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತು, ಚೀಲ ಕಟ್ಟಿ, ಅರಳಿದ ಮೇಲೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ವರ್ಷಕ್ಕೆ ಸಿಗುವುದು ನಾಲ್ಕಾರು ದಿನ. ಆ ಹಣ್ಣು ಆಗಲು ಎಂಟೊಂಬತ್ತು ತಿಂಗಳು, ಸಸಿಯಾಗಿ ಮೊದಲ ಫಸಲು ಕಾಣಲು ಮತ್ತೆ ಮೂರು ನಾಲ್ಕು ವರ್ಷ. ಅದರಲ್ಲಿ ಒಳ್ಳೆಯದನ್ನು ಆರಿಸಿ ಮತ್ತೆ ಬಿತ್ತಬೇಕು. ಒಬ್ಬ ವಿಜ್ಞಾನಿ ತನ್ನ ನೌಕರಿಯ ಉದ್ದಕ್ಕೂ ದುಡಿದರೆ ಐದಾರು ತಲೆಮಾರು ಗಿಡ ನೋಡಿಯಾನು, ಅಷ್ಟೆ. ತುಕ್ಕಿನ ಬೂಷ್ಟೋ, ಒಂದು ಮಳೆಗಾಲದಲ್ಲೇ ಹಲವು ತಲೆಮಾರು ಕಾಣುತ್ತದೆ. ಓಟದಲ್ಲಿ ಯಾರು ಮುಂದೆ ಅಂತ ನೀವೇ ಯೋಚಿಸಿ.

ಆದರೂ ಅವರು ಬಿಡಲಿಲ್ಲ. ಅರೇಬಿಕಾ ಮತ್ತು ಮರದಂತೆ ಬೆಳೆಯುವ ಲೈಬೀರಿಕಾ ಕಾಫಿ ತಾವಾಗಿ ಕೂಡಿ ಹುಟ್ಟಿದ್ದ ಗಿಡದ ವಂಶದಲ್ಲಿ ಎಸ್. 288 ಎಂಬುದೊಂದಿತ್ತು. ರೋಗ ತಡೆಯುತ್ತಿತ್ತು, ಆದರೆ ಬೀಜ ಒಂದೇ ಸಮ ಇರುತ್ತಿರಲಿಲ್ಲ. ಕೆಂಟ್ಸಿನ ಬೀಜ ಚೆನ್ನ, ರೋಗಕ್ಕೆ ಸೋಲುತ್ತಿತ್ತು. ಎರಡನ್ನೂ ಕೂಡಿಸಿ 1940ರ ದಶಕದಲ್ಲಿ ರೈತರ ಕೈಗೆ ಕೊಟ್ಟದ್ದೇ ಎಸ್. 795. ಹೊಸ ಪಂಗಡಗಳು ಮುಂದೆ ಇದಕ್ಕೂ ಹತ್ತಿದವು ನಿಜ. ಆದರೂ ಅದರ ರುಚಿ, ಗಟ್ಟಿತನ ಬಿಟ್ಟುಕೊಡಲು ಇಂದಿಗೂ ಜನ ಒಪ್ಪುವುದಿಲ್ಲ. ನನ್ನ ಮಾತು ಕೇಳಿದರೆ, ಅವರು ಮಾಡುವುದು ತಪ್ಪಲ್ಲ.

795ರ ತೊಂದರೆ ಕುಯ್ಲಿನಲ್ಲಿ. ತಲೆ ಕತ್ತರಿಸಿ ಹದಕ್ಕೆ ಇಡದಿದ್ದರೆ ಕೈಗೆ ಸಿಗದಷ್ಟು ಏರುತ್ತದೆ. ಅರೇಬಿಕಾ ಹಣ್ಣು ಒಟ್ಟಿಗೆ ಆಗುವುದಿಲ್ಲ, ನಾಲ್ಕೈದು ಸಲ ಸುತ್ತಿ ಹಣ್ಣಾದದ್ದನ್ನೇ ಆರಿಸಿ ಕುಯ್ಯಬೇಕು. ಸೊಂಟಕ್ಕೆ ಚೀಲ ಕಟ್ಟಿದ ಹೆಂಗಸರು ಪ್ರತಿ ಗಿಡದಲ್ಲೂ ರೆಕ್ಕೆ ಎಳೆದು ಬಗ್ಗಿಸಬೇಕಾದರೆ ದಿನದ ತೂಕ ಎಷ್ಟು ಬಂದೀತು? ಆಳು ಸಿಗದ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಗಿಡ್ಡ ಗಿಡದ ಕಥೆ ಮೂರು ದೇಶ ಸುತ್ತಿ ಬಂದದ್ದು. ತಿಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾ ತಾವಾಗಿ ಕೂಡಿದ ಒಂದು ಗಿಡ 1927ರಲ್ಲಿ ಕಣ್ಣಿಗೆ ಬಿತ್ತು. ರೋಬಸ್ಟಾದ ರೋಗ ತಡೆಯುವ ಗುಣ ಅದಕ್ಕಿತ್ತು. ಬ್ರೆಜಿಲಿನಲ್ಲಿ ಕಟೂರಾ ಎಂಬ ಕುಳ್ಳು ಅರೇಬಿಕಾ ಇತ್ತು. ತುಕ್ಕು ರೋಗದ ಅಧ್ಯಯನಕ್ಕೆಂದೇ 1955ರಲ್ಲಿ ಪೋರ್ಚುಗಲ್ಲಿನಲ್ಲಿ ಸ್ಥಾಪಿಸಿದ ಕೇಂದ್ರದವರು 1959ರಲ್ಲಿ ಇವೆರಡನ್ನೂ ಕೂಡಿಸಿದರು. ಆ ವಂಶದ ಬೀಜ ಬಾಳೆಹೊನ್ನೂರಿಗೆ ಬಂದು, ಆರಿಸಿ ಆರಿಸಿ, 1980ರ ದಶಕದ ನಡುವೆ 'ಕಾವೇರಿ' ಎಂಬ ಹೆಸರಿನಲ್ಲಿ ಹೊರಬಂತು. 795ಕ್ಕೆ ಆರೇಳು ಅಡಿ ಅಂತರ ಬೇಕಾದರೆ ಕಾವೇರಿಗೆ ಐದಡಿ ಸಾಕು. ನೆಲದ ಮೇಲೆ ನಿಂತೇ ಕುಯ್ಯಬಹುದು. ಫಸಲೂ ಬೇಗ, ಹೆಚ್ಚು. ಜನ ಮುಗಿಬಿದ್ದರು.

ಆಮೇಲೆ ಆದದ್ದು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡದ್ದು. ಗೊಬ್ಬರ, ನೆರಳು ಕಡಿಮೆಯಾದ ಕಡೆ ಹೊರಲಾರದಷ್ಟು ಕಾಯಿ ಹೊತ್ತು ರೆಕ್ಕೆ ಒಣಗಿತು. ಬಿಳಿ ಕಾಂಡಕೊರಕ ಹತ್ತಿತು. ಕೆಲವು ವರ್ಷಗಳಲ್ಲಿ ತುಕ್ಕೂ ದಾರಿ ಕಂಡುಕೊಂಡಿತು. ಹೀಗಾಗಿ ತಿಮೋರಿನ ಅದೇ ಗುಣವನ್ನು ಕೋಸ್ಟಾರಿಕಾದ ವಿಲ್ಲಾ ಸಾರ್ಚಿ ಎಂಬ ಇನ್ನೊಂದು ಗಿಡ್ಡ ತಳಿಗೆ ಸೇರಿಸಿದ ವಂಶದಿಂದ ಆರಿಸಿ, 2007ರಲ್ಲಿ 'ಚಂದ್ರಗಿರಿ'ಯನ್ನು ಕೊಟ್ಟರು. ಪೊದೆಯಂತೆ ದಟ್ಟ, ಎಲೆ ದಪ್ಪ, ಕುಯ್ಲು ಸುಲಭ, ತುಕ್ಕನ್ನು ತಡೆದುಕೊಳ್ಳುವ ಶಕ್ತಿಯೂ ಚೆನ್ನಾಗಿದೆ.

ಹಾಗಾದರೆ ಯಾವ ಬೀಜ? ಆಳಿನ ಅಭಾವವಿದ್ದು, ಗೊಬ್ಬರಕ್ಕೆ ಕೈಹಿಡಿಯದವರು ಚಂದ್ರಗಿರಿ ಹಾಕಲಿ. ನೆರಳು ಚೆನ್ನಾಗಿರುವ ಹಳೆಯ 795 ಪಟ್ಟೆಯನ್ನು ಆತುರದಿಂದ ಕೀಳುವುದು ಬೇಡ. ಎರಡೂ ಇರುವ ತೋಟವನ್ನು ರೋಗ ಒಂದೇ ಏಟಿಗೆ ಮುಗಿಸಲಾರದು. ತುಕ್ಕು ಕಂಡ ಪಟ್ಟೆಗೆ ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಹಿಂದೆಗೆದ ಮೇಲೊಮ್ಮೆ ಬೋರ್ಡೋ ಬೇಕು. ಅಡಿಕೆಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಹಾಕುತ್ತೀರಷ್ಟೆ? ಕಾಫಿಗೆ ಅದರ ಅರ್ಧ ಸಾಕು. ಸುಣ್ಣದ ಹದಕ್ಕೆ ನಿಮ್ಮ ಹಳೆಯ ಪರೀಕ್ಷೆಯೇ ಸರಿ: ಹೊಳೆಯುವ ಚಾಕು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕಿ. ಹೊಡೆಯುವಾಗ ಮೂತಿ ಮೇಲ್ಮುಖ ಇರಲಿ, ಮದ್ದು ಹತ್ತಬೇಕಾದದ್ದು ಎಲೆಯ ಅಡಿಗೆ.